ಹನ್ನೊಂದು ಮಂದಿಗೆ ಜಾಗ

೧೯೯೯ರ ಮಾತು. ನಾನಾಗ ಯುನಿಕ್ಸ್ ಕಂಪ್ಯೂಟರ್ ರಿಪೇರಿಗೆಂದು ಊರೂರು ತಿರುಗುತ್ತಿದ್ದೆ. ಕುಂದಾಪುರದ ಮೀನುಗಾರರ ಆಫೀಸೊಂದರಲ್ಲಿ ಒಂದು ಹಳೇ ಯಂತ್ರ, ಅದಕ್ಕೆ ಜೋಡಿಸಿದ ಪರದೆ-ಕೀಲಿಮಣೆಯ ನಾಲ್ಕು ಟರ್ಮಿನಲ್, ಕೂರುವವರೂ ನಾಲ್ಕೇ ಜನ. ಆದರೂ ಮಧ್ಯಾಹ್ನ ಹನ್ನೆರಡಾದರೆ ಮೆಮೊರಿ ಸಾಲದೆ ನಿಂತುಬಿಡುತ್ತಿತ್ತು.

ಯಂತ್ರದೊಳಗೆ ಯಾರ್ಯಾರಿದ್ದಾರೆಂದು ಪಟ್ಟಿ ತೆಗೆದೆ. ಐದನೆಯ ಹೆಸರು ಚಂದಯ್ಯ. ಅವರದ್ದು ಆ ನಾಲ್ಕಕ್ಕೆ ಸೇರದ ಹಳೇ ಟರ್ಮಿನಲ್, ಮೂಲೆಯಲ್ಲಿತ್ತು, ವಯರು ಬಿಚ್ಚಿ ಸುತ್ತಿಟ್ಟಿದ್ದರು. ಕೀಲಿಗಳನ್ನು ಮುಟ್ಟಿದರೆ ಒದ್ದೆ, ಐಸಿನಷ್ಟು ತಣ್ಣಗೆ.

"ಚಂದಯ್ಯಣ್ಣ ಇಲ್ಲೇ ಕೆಲ್ಸದಂಗೆ ಇದ್ದಿರ್. ಹೋದ್ ವರ್ಷ ಬೋಟಂಗೆ ಹೋದವ್ರ್ ಬರ್ಲಿಲ್ಲ," ಎಂದರು ಕ್ಲಾರ್ಕ್ ಸುಂದರಿ. "ಹೆಣ ಸಿಕ್ಕುವರೆಗೆ ಹೆಸ್ರ್ ತೆಗುಕಾಗ ಮಾರಾಯ್ರೆ. ನಮ್ ಬದಿ ಹಾಂಗೆ."

ತೆಗೆಯಬಾರದೆಂದ ಆ ಹೆಸರನ್ನು ಅಳಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಅವರ ಮುಖ ನೋಡಿ ಮನಸ್ಸಾಗಲಿಲ್ಲ. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ ಕರ್ನೆಲ್‌ನ ಮೆಮೊರಿ ಮಿತಿಯನ್ನೇ ಏರಿಸಿ, ಹನ್ನೊಂದು ಜನಕ್ಕೆ ಸಾಲುವಷ್ಟು ಮಾಡಿ ಯಂತ್ರವನ್ನು ಮತ್ತೆ ಶುರು ಮಾಡಿದೆ. ಹನ್ನೊಂದೇ ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಕೈಗೆ ಬಂದ ಸಂಖ್ಯೆ ಅದು.

ಮರುದಿನ ಹನ್ನೆರಡಕ್ಕೆ ಸುಂದರಿಯ ಫೋನು. "ಹ್ವಾಯ್, ಮತ್ತೆ ನಿಂತ್ ಹೋಯ್ತ್."

ಹೋಗಿ ನೋಡಿದರೆ ಪಟ್ಟಿಯಲ್ಲಿ ಸರಿಯಾಗಿ ಹನ್ನೊಂದು ಹೆಸರು. ಚಂದಯ್ಯನವರ ಕೆಳಗಿನ ಆರು ಹೆಸರುಗಳನ್ನು ನಾನು ಹಾಕಿರಲಿಲ್ಲ. ಹೊಸ ಹೆಸರು ಸೇರಿಸುವ ಪಾಸ್‌ವರ್ಡ್ ಇದ್ದದ್ದು ನನ್ನೊಬ್ಬನ ಹತ್ತಿರ.

ಸುಂದರಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ಓದಿದರು. ಸ್ವರ ಏರಲಿಲ್ಲ.

"ಆ ಬೋಟಂಗೆ ಏಳ್ ಜನ ಇದ್ದಿರ್," ಎಂದರು.