ಪುಟದಲ್ಲಿಲ್ಲದ ಮಾತು

ತುಲ್ಲಿಯೊ ಮಾತು ಮರೆತು ನಿಂತಿದ್ದ.

ಫೊರ್ಲೀ ಊರಿನ ರಂಗಮಂದಿರ ತುಂಬಿತ್ತು. ಅವನು ಕಂಪನಿ ಸೇರಿ ಅಂದಿಗೆ ಮೂರೇ ದಿನ. ರಂಗದ ಮುಂದಿನ ಅಂಚಿನಲ್ಲಿ, ದೀಪಗಳ ಸಾಲಿನ ನಡುವೆ, ನಟರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರ್ ಕೂರುವ ಗುಂಡಿ. ಪ್ರೇಕ್ಷಕರಿಗೆ ಕಾಣದಂತೆ ಅದಕ್ಕೊಂದು ಮರದ ಮರೆ. ಅದರೊಳಗೆ ಎದೆಮಟ್ಟ ಇಳಿದು ಕೂತ ಎರ್ಸೀಲಿಯಾ ಅವನ ಮಾತನ್ನು ಎತ್ತಿಕೊಟ್ಟಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೊಟ್ಟಳು. ಅವನ ಹಣೆಯ ಬೆವರು ಮುಖದ ಬಣ್ಣದಲ್ಲಿ ಗೆರೆ ಕೊರೆಯುತ್ತಿತ್ತು...

ಅವಳು ಕೈ ಚಾಚಿ ಅವನ ಕಣಕಾಲು ಹಿಡಿದಳು.

ಅವನು ಬೆಚ್ಚಿ ಕೆಳಗೆ ನೋಡಿದ. ಕಂದೀಲಿನ ಬೆಳಕಲ್ಲಿ ಒಂದು ಮುಖ. ತುಟಿಗಳು ನಿಧಾನವಾಗಿ, ಮಗುವಿಗೆ ತಿನ್ನಿಸುವ ಹಾಗೆ, ಒಂದೊಂದೇ ಪದವನ್ನು ಅವನ ಕಡೆಗೆ ಚಾಚುತ್ತಿದ್ದವು. ಅವನು ಆ ಪದಗಳನ್ನು ಎತ್ತಿಕೊಂಡ. ನಾಟಕ ಉಳಿಯಿತು.

ಆಟ ಮುಗಿದ ಮೇಲೆ ರಂಗದ ಕೆಳಗಿನ ಮೆಟ್ಟಿಲ ಹತ್ತಿರ ಅವನು ಕಾಯುತ್ತಿದ್ದ.

"ಇಡೀ ಇಟಲಿಯಲ್ಲಿ ನನ್ನ ಕಾಲು ಹಿಡಿದವರು ನೀವೊಬ್ಬರೇ" ಅಂದ.

"ಇನ್ನೊಂದ್ಸಲ ಮರೆತ್ರೆ ಎಳೆದು ಬೀಳಿಸ್ತೀನಿ" ಅಂದಳು ಅವಳು.

ಆಗ ನಕ್ಕಿದ್ದಳು. ಕೋಣೆಗೆ ಹೋಗಿ ಬಾಗಿಲು ಹಾಕಿದ ಮೇಲೆ, ಅವನ ಪಾದ ಹಿಡಿದಿದ್ದ ಕೈಯನ್ನು ಏನು ಮಾಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಅದು ಸಾವಿರದ ಒಂಬೈನೂರ ಒಂಬತ್ತರ ವಸಂತ. ಆಗಿನ ಕಂಪನಿಗಳು ಇವತ್ತು ಒಂದು ನಾಟಕ, ನಾಳೆ ಇನ್ನೊಂದು ಆಡುತ್ತ ಊರೂರು ತಿರುಗುತ್ತಿದ್ದವು. ನಟರು ಮಾತನ್ನು ಪೂರ್ತಿ ಬಾಯಿಪಾಠ ಮಾಡುತ್ತಿರಲಿಲ್ಲ. ಗುಂಡಿಯಿಂದ ಬಂದದ್ದನ್ನು ಎತ್ತಿಕೊಂಡು ಉಸಿರು ತುಂಬುತ್ತಿದ್ದರು. ತುಲ್ಲಿಯೊ ಅಂತೂ ಪೂರಾ ಅವಳನ್ನೇ ನೆಚ್ಚಿಕೊಂಡುಬಿಟ್ಟ. ಅವಳು ಏನು ಕೊಟ್ಟರೂ, ಅರ್ಥ ಮನಸ್ಸಿಗೆ ಹೋಗುವ ಮೊದಲೇ, ಅವನ ಬಾಯಲ್ಲಿ ಅದು ಮಾತಾಗಿರುತ್ತಿತ್ತು.

ಮೂವತ್ತು ವರ್ಷ ಆ ಗುಂಡಿಯಲ್ಲಿ ಕೂತಿದ್ದವನು ಅವಳ ಅಪ್ಪ ಔರೇಲಿಯೊ. ಗಂಟಲ ಕಾಯಿಲೆಗೆ ಅವನ ದನಿ ಹೋದ ಮೇಲೆ ಅವಳು ಇಳಿದಳು. ಅಪ್ಪ ಕಲಿಸಿದ್ದು ಒಂದೇ ಕಟ್ಟಳೆ: ಪುಟದಲ್ಲಿಲ್ಲದ ಒಂದು ಪದವೂ ಗುಂಡಿಯಿಂದ ಹೊರಗೆ ಬರಬಾರದು.

"ನೀನಿಲ್ಲದ ಮನೆ ನನಗೆ ಮನೆಯಲ್ಲ" ಎಂದು ಅವಳು ಪಿಸುಗುಟ್ಟುತ್ತಿದ್ದಳು. ಮರುಕ್ಷಣ ಅದನ್ನೇ ತುಲ್ಲಿಯೊ ಕಂಪನಿಯ ಮೊದಲ ನಟಿ ಓಲಿಂಪಿಯಾಳ ಕೈ ಹಿಡಿದು ಹೇಳುತ್ತಿದ್ದ. ಪ್ರೀತಿಯ ಮಾತೆಲ್ಲ ಎರ್ಸೀಲಿಯಾಳ ತುಟಿಯಿಂದ ಹೊರಟು, ಅವನ ಬಾಯಿ ಹಾದು, ಇನ್ನೊಬ್ಬಳ ಕಿವಿ ಸೇರುತ್ತಿತ್ತು. ಅವಳಿಗೆ ಕಾಣುತ್ತಿದ್ದದ್ದು ಅವನ ಬೂಟು, ಮೊಣಕಾಲು... ಕತ್ತೆತ್ತಿದರೆ ಗಲ್ಲದ ಕೆಳಭಾಗ.

ಆದರೂ ಪ್ರತಿದಿನ ಆಟಕ್ಕೆ ಮೊದಲು ಅವನು ಮೆಟ್ಟಿಲ ಹತ್ತಿರ ಬಂದು ಕೂರುತ್ತಿದ್ದ. ಬೇಸಿಗೆಯಲ್ಲಿ ಅಂಜೂರ, ಚಳಿಗಾಲದಲ್ಲಿ ಸುಟ್ಟ ಚೆಸ್ಟ್‌ನಟ್ ತರುತ್ತಿದ್ದ. ತನ್ನ ಬೊಲೋನ್ಯದ ಅಮ್ಮನ ಬೈಗುಳಗಳನ್ನು ಹೇಳಿ ನಗಿಸುತ್ತಿದ್ದ. ಒಮ್ಮೆ ಏನೋ ಹೇಳಹೊರಟು ನಿಲ್ಲಿಸಿ, ಯಾರಾದ್ರೂ ಬರೆದುಕೊಡದೆ ನನಗೆ ಮಾತೇ ಬರಲ್ಲ ಅಂತ ಎದ್ದುಹೋಗಿದ್ದ. ಆ ಅರ್ಧ ಮಾತನ್ನು ಅವಳು ವಾರಗಟ್ಟಲೆ ತಿರುವಿ ಮುರುವಿ ನೋಡಿದಳು. ಏನೂ ಸಿಗಲಿಲ್ಲ.

ಕಾರ್ನಿವಲ್ ಬಂತು. ಕಂಪನಿಗಳ ವರ್ಷ ಮುಗಿಯುವುದೇ ಆಗ. ಹಬ್ಬ ಮುಗಿದ ಮರುದಿನ, ಉಪವಾಸದ ಕಾಲ ತೊಡಗುವ ಬೂದಿ ಬುಧವಾರ, ಎಲ್ಲರ ಕರಾರು ತೀರಿ, ಹೊಸ ಕಂಪನಿ, ಹೊಸ ಜೊತೆ. ಹಾಗೆಯೇ ಸ್ನೇಹಗಳು ಮುಗಿಯುತ್ತಿದ್ದವು, ಎಷ್ಟೋ ಮದುವೆಗಳೂ.

ಫಾನೊ ಊರಿಗೆ ಬಂದಿಳಿದ ದಿನವೇ ಸುದ್ದಿ ಹಬ್ಬಿತು. ಓಲಿಂಪಿಯಾ ಸ್ವಂತ ಕಂಪನಿ ಕಟ್ಟುತ್ತಿದ್ದಾಳೆ, ಮೂರು ವರ್ಷ ಸಮುದ್ರದಾಚೆಯ ಬ್ಯೂನಸ್ ಐರಿಸ್‌ನಲ್ಲಿ ಆಟ. ತುಲ್ಲಿಯೊ ತನ್ನ ಜೊತೆ ಬರುವುದು ಖಾತ್ರಿ ಎಂದು ಅವಳೇ ಅವನ ಕಾಲರ್ ಸರಿಮಾಡುತ್ತ ಎಲ್ಲರ ಮುಂದೆ ಹೇಳಿದಳಂತೆ. ಅವನು ಅಲ್ಲ ಅನ್ನಲಿಲ್ಲವಂತೆ.

ಮರುದಿನ ಮೆಟ್ಟಿಲ ಹತ್ತಿರ ಬಂದಾಗ ಅವನ ಕೈಯಲ್ಲಿ ಮಡಿಸಿದ ಕಾಗದವಿತ್ತು.

"ಎರ್ಸೀಲಿಯಾ, ಇದೊಂದು ನಿಮಗೆ..."

'ಅವಳ ಕರಾರನ್ನ ನನ್ನ ಮುಂದೆ ಓದಿ ತೋರಿಸ್ತಾನಾ?' ಅಂದುಕೊಂಡಳು.

"ಗೊತ್ತು. ಶುಭವಾಗಲಿ ನಿಮಗೆ."

ಅವನ ಮುಖ ಬಿಳಿಚಿತು. ರಂಗದ ಮೇಲೆ ಬದುಕುವ ಯಾರೂ ಇನ್ನೊಬ್ಬರಿಗೆ ಶುಭ ಕೋರುವುದಿಲ್ಲ. ಕೋರಿದರೆ ಅದು ಶಾಪ. ಹಾಗಾಗಿಯೇ ಹೊಲಸು ಮಾತಿನಿಂದ ಹರಸುವ ಜನ ಅವರು. ನಾಟಕದವರ ಮನೆಯಲ್ಲಿ ಹುಟ್ಟಿದ ಎರ್ಸೀಲಿಯಾಗೆ ಅದು ತಿಳಿಯದ ವಿಷಯವಲ್ಲ... ತಿಳಿದೇ ಅಂದಳು.

ಅವನು ಕಾಗದ ಜೇಬಿಗಿಟ್ಟು ಮೆಟ್ಟಿಲು ಹತ್ತಿಹೋದ. ಮುಂದಿನ ಆರು ದಿನ ಕೆಳಗೆ ಬರಲಿಲ್ಲ.

ಕಾರ್ನಿವಲ್‌ನ ಕೊನೆಯ ಮಂಗಳವಾರ ಮಧ್ಯಾಹ್ನ ಕೊನೆಯ ಆಟ. ಹೊರಗೆ ಬೀದಿಯಲ್ಲಿ ಮೆರವಣಿಗೆಯ ಗದ್ದಲ, ಒಳಗೆ ಆರುನೂರು ಜನ. ಮೂರನೇ ಅಂಕದಲ್ಲಿ ಮೋಸಹೋದ ಗಂಡ ಹೆಂಡತಿಯನ್ನು ಮನೆಯಿಂದ ಹೊರಹಾಕುವ ದೃಶ್ಯ. ಪುಟದಲ್ಲಿ ಇದ್ದದ್ದು ಇಷ್ಟೇ: 'ಹೋಗು. ನನ್ನ ಬಾಗಿಲು ಮುಚ್ಚಿದೆ.'

ಓಲಿಂಪಿಯಾ ತನ್ನ ಮಾತು ಮುಗಿಸಿ ತಿರುಗಿ ನಿಂತಳು. ತುಲ್ಲಿಯೊ ಕಾದ.

ಎರ್ಸೀಲಿಯಾ ಬೆರಳನ್ನು ಆ ಸಾಲಿನ ಮೇಲಿಟ್ಟಳು. ಬಾಯಿ ತೆರೆದಳು. ಆ 'ಹೋಗು' ಹೊರಡಲಿಲ್ಲ.

"ಹೋಗಬೇಡ. ಒಂದು ವರ್ಷದಿಂದ ನಿನ್ನ ಕಾಲ ಬಳಿ ಕೂತಿದ್ದೇನೆ. ಒಂದು ಸಲ ನೋಡು."

ತಡೆಯಲು ಸಮಯವೇ ಸಿಗಲಿಲ್ಲ. ಮೇಲಿನಿಂದ ಆ ತುಂಬುಕಂಠ ಇಡೀ ಮಂದಿರಕ್ಕೆ ಕೇಳುವಂತೆ ಹೇಳುತ್ತಿತ್ತು:

"ಹೋಗಬೇಡ. ಒಂದು ವರ್ಷದಿಂದ ನಿನ್ನ ಕಾಲ ಬಳಿ ಕೂತಿದ್ದೇನೆ. ಒಂದು ಸಲ..."

ಅಲ್ಲಿ ಅವನು ನಿಂತುಬಿಟ್ಟ.

ಮೇಲಿನ ಬಾಲ್ಕನಿಯಲ್ಲಿ ಯಾರೋ ಹೆಂಗಸು ಬಿಕ್ಕಿದಳು. ಓಲಿಂಪಿಯಾ ಪಳಗಿದ ನಟಿ. ಕೈಯಲ್ಲಿ ಮುಖ ಮುಚ್ಚಿ ಹೊತ್ತು ಕಳೆದಳು. ತುಲ್ಲಿಯೊನ ಬೂಟು ಒಂದು ಅಂಗುಲ ಗುಂಡಿಯ ಕಡೆ ತಿರುಗಿತು. ಅಷ್ಟೇ. ಅವನು ಕೆಳಗೆ ನೋಡಲಿಲ್ಲ.

ಅವಳು ಮಾಡಬಹುದಾದದ್ದು ಒಂದೇ ಇತ್ತು. ಪುಟದ ಸಾಲು ಕೊಟ್ಟಳು.

"ಹೋಗು" ಅಂದ ಅವನು. "ನನ್ನ ಬಾಗಿಲು ಮುಚ್ಚಿದೆ."

ಅದೇ ಉತ್ತರ ಎಂದು ಅವಳು ತಿಳಿದಳು. ತನ್ನನ್ನು ತಿರಸ್ಕರಿಸುವ ಮಾತನ್ನೂ ತಾನೇ ಪಿಸುಗುಟ್ಟಿ ಕೊಡಬೇಕಾದ ಹೆಣ್ಣು ಜಗತ್ತಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಬೆಳಗಾಯಿತು. ಹಣೆಗೆ ಬೂದಿ ಹಚ್ಚಿಸಿಕೊಂಡು ಎಲ್ಲರೂ ಸ್ಟೇಷನ್ನಿಗೆ ಬಂದರು. ಓಲಿಂಪಿಯಾಳ ಗುಂಪು ಬೊಲೋನ್ಯ ಹಾದು ಜೆನೋವಾದ ಹಡಗಿಗೆ. ಎರ್ಸೀಲಿಯಾ, ಅವಳಪ್ಪ ಅಂಕೋನಾದ ಹೊಸ ಕಂಪನಿಗೆ. ಪ್ಲಾಟ್‌ಫಾರಂ ಒಂದೇ, ರೈಲು ಬೇರೆ.

ತುಲ್ಲಿಯೊ ಎದುರಿಗೆ ಬಂದು ನಿಂತ. ಔರೇಲಿಯೊ ಟ್ರಂಕಿನ ಮೇಲಿಂದ ಎದ್ದು, ಮಗಳ ಹೆಗಲು ಮುಟ್ಟಿ, ತುಸು ದೂರ ಹೋಗಿ ಬೆನ್ನು ತಿರುಗಿಸಿ ನಿಂತ.

"ಹೇಳ್ತಾ ಹೇಳ್ತಾ ಗೊತ್ತಾಯ್ತು, ಅದು ನಾಟಕದ್ದಲ್ಲ ಅಂತ" ಅಂದ ತುಲ್ಲಿಯೊ.

"ಕೆಳಗೆ ನೋಡ್ಲಿಲ್ಲ ನೀವು."

"ನೋಡಿದ್ರೆ ಅಲ್ಲೇ ಇಳಿದುಬಿಡ್ತಿದ್ದೆ. ಆರುನೂರು ಜನರ ಮುಂದೆ ನಿಮ್ಮ ಹೆಸರು ಕೆಡ್ತಿತ್ತು. ಇನ್ಯಾವ ಕಂಪನಿಯವರೂ ನಿಮ್ಮನ್ನ ಗುಂಡಿಗೆ ಕೂರಿಸ್ತಿರ್ಲಿಲ್ಲ." ಅವನು ಉಸಿರೆಳೆದುಕೊಂಡ. "ಆವತ್ತು ಮೆಟ್ಟಿಲ ಹತ್ರ ತಂದಿದ್ದೆನಲ್ಲ ಕರಾರಿನ ಕಾಗದ... ಸಹಿ ಹಾಕಿರ್ಲಿಲ್ಲ. ಬೇಡ ಅನ್ನಲಾ ಅಂತ ನಿಮ್ಮನ್ನ ಕೇಳೋಕೆ ಬಂದಿದ್ದೆ. ನೀವು ಶುಭ ಕೋರಿದ್ರಿ."

ಅವಳು ಥಟ್ಟನೆ ತಲೆಯೆತ್ತಿದಳು. "ಆಮೇಲೆ?"

"ಆ ಸಂಜೆನೇ ಸಹಿ ಹಾಕಿದೆ."

ಮುರಿಯಲಾಗದ ಕರಾರು. ಮೂರು ವರ್ಷ. ಅವಳು ಹೋಗುವಂತಿರಲಿಲ್ಲ, ದನಿಯಿಲ್ಲದ ಅಪ್ಪನಿಗೆ ಅವಳೇ ಬಾಯಿ. ಅವನು ಉಳಿಯುವಂತಿರಲಿಲ್ಲ. ಸಿಟ್ಟಿನ ಒಂದು ಮಾತು... ಅದನ್ನು ಹಿಂದಕ್ಕೆ ತರುವ ದಾರಿ ಇಬ್ಬರಿಗೂ ಇರಲಿಲ್ಲ.

ಬೊಲೋನ್ಯದ ರೈಲು ಬಂತು. ಓಲಿಂಪಿಯಾ ಡಬ್ಬಿಯ ಬಾಗಿಲಿಂದ ಅವನನ್ನು ಕರೆದಳು. ಅವನು ತುಟಿ ತೆರೆದ, ಮುಚ್ಚಿದ. ಮಾತು ಮರೆತ ಮುಖ. ಅವಳಿಗೆ ಚೆನ್ನಾಗಿ ಪರಿಚಯವಿದ್ದ ಮುಖ. ಅಭ್ಯಾಸಬಲದಿಂದ ಅವಳ ತುಟಿ ಅಲುಗಿತು. ಕಚ್ಚಿ ಹಿಡಿದಳು. 'ಇದನ್ನ ಮಾತ್ರ ನಾನು ಕೊಡಲ್ಲ.'

"ನಂಗೆ..." ಅಂದ. "ಅಲ್ಲೂ ಊಟ ಇರುತ್ತೆ, ನಿದ್ದೆ ಇರುತ್ತೆ. ನಿನ್ನ ಬಿಟ್ಟು ಅದನ್ನೆಲ್ಲ ಹೇಗೆ ಮಾಡೋದು ಅಂತ ಗೊತ್ತಿಲ್ಲ. ಇಷ್ಟ ಅಂದ್ರೆ... ಇದೇ ಇರ್ಬೇಕು. ವಾಪಸ್ ಬಂದ ದಿನ ನಿನ್ನ ಹುಡುಕ್ತೀನಿ. ನಿನ್ನ ಕಂಪನಿ ಯಾವ ಊರಲ್ಲಿದ್ರೂ."

ಗಾರ್ಡ್ ಸೀಟಿ ಊದಿದ.

"ಕೆಟ್ಟದಾಗಿದೆ ಅಲ್ವಾ?" ಅಂದ ಅವನು.

"ತುಂಬಾ" ಅಂದಳು ಎರ್ಸೀಲಿಯಾ, ಕಣ್ಣೊರೆಸಿಕೊಳ್ಳದೆ. "ಇನ್ನೊಂದ್ಸಲ ಹೇಳು."