ಮೂರನೇ ಬಂದರಿನ ಕಾಡುದಾರಿ

ಊಟದ ಮೇಜಿನ ತುಂಬ ಅಲಾಸ್ಕಾ ಹರಡಿಕೊಂಡಿತ್ತು. ಒಂದು ಪುಟದಲ್ಲಿ ಹಿಮನದಿಯ ಮೇಲೆ ಇಳಿಯುತ್ತಿರುವ ಹೆಲಿಕಾಪ್ಟರ್, ಇನ್ನೊಂದರಲ್ಲಿ ಬಾಲ ಎತ್ತಿದ ತಿಮಿಂಗಿಲ, ಮತ್ತೊಂದರಲ್ಲಿ ಗಾಡಿ ಎಳೆಯುವ ನಾಯಿಗಳ ಸಾಲು. ಕಿಟಕಿಯ ಆಚೆ ಕುವೈತಿನ ಜುಲೈ ತಿಂಗಳ ಧೂಳು ಆಕಾಶವನ್ನೇ ಕಂದು ಮಾಡಿತ್ತು. ಒಳಗೆ ಹಳೆಯ ಎ.ಸಿ. ಏದುಸಿರು ಬಿಡುತ್ತಿತ್ತು.

"ಹಡಗು ನಾಲ್ಕು ಬಂದರಲ್ಲಿ ನಿಲ್ತದೆ ಇನೆಜಕ್ಕಾ. ಎಲ್ಲಿ ಇಳಿದು ಎಂತ ಮಾಡ್ತೀರಿ ಅಂತ ಈಗಲೇ ಹೇಳ್ಬೇಕು. ಆಮೇಲೆ ಸೀಟು ಸಿಗುದಿಲ್ಲ" ಎಂದಳು ಹಸೀಬಾ. ಅವಳು ಕೆಳಗಿನ ಫ್ಲಾಟಿನವಳು, ಮಿರ್ಕಾಬಿನ ಟ್ರಾವೆಲ್ ಆಫೀಸಿನಲ್ಲಿ ಕೆಲಸ. ಆಫೀಸು ಮುಚ್ಚಿದ ಮೇಲೆ ಪುಸ್ತಿಕೆಗಳನ್ನು ಹೊತ್ತುಕೊಂಡು ನೇರ ಇಲ್ಲಿಗೇ ಬಂದಿದ್ದಳು.

"ಹೆಲಿಕಾಪ್ಟರ್" ಎಂದರು ಇನೆಜಳ ಗಂಡ ಬರ್ನಾರ್ಡ್. ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಸೇಫ್ಟಿ ವಿಭಾಗದಲ್ಲಿ ತಲೆ ನೆರೆಸಿಕೊಂಡ ಮನುಷ್ಯ. ಒಂದು ಸಲವಾದರೂ ಮಂಜುಗಡ್ಡೆಯ ಮೇಲೆ ಕಾಲಿಡಬೇಕೆಂದು ಅವರ ಆಸೆ.

"ನಂಗೆ ಡಾಗ್ ಸ್ಲೆಡ್! ಅದು ಥರ್ಡ್ ಪೋರ್ಟಲ್ಲಿ ಮಾತ್ರ ಇರೋದು. ಪ್ಲೀಸ್ ಪಪ್ಪಾ!" ಎಂದಳು ಮಗಳು ಲವಿಟಾ. ಹನ್ನೆರಡನೇ ಕ್ಲಾಸಿನ ಹುಡುಗಿ, ಅರ್ಧ ಮಾತು ಇಂಗ್ಲಿಷಿನಲ್ಲೇ.

ಇನೆಜ್ ಕನ್ನಡಕ ಏರಿಸಿ, ಪುಸ್ತಿಕೆಯ ಕೊನೆಯ ಪುಟ ತೆರೆದು, ಚಿತ್ರವೇ ಇಲ್ಲದ ಎರಡು ಸಾಲಿನ ಮೇಲೆ ಬೆರಳಿಟ್ಟಳು.

"ಉಳಿದ ಮೂರು ಬಂದರಲ್ಲಿ ನೀವು ಎಂತ ಬೇಕಾದರೂ ಮಾಡಿ. ಮೂರನೆಯದು ನನ್ನದು. ಇಗೋ, ಇದು. ಹಡಗುಕಟ್ಟೆಯ ಹತ್ತಿರದಿಂದ ಕಾಡೊಳಗೆ ನಡೆದು ಒಂದು ಕೆರೆಯವರೆಗೆ ಹೋಗಿ ಬರುದು."

"ಅಯ್ಯೋ, ಅಷ್ಟು ದೂರ ಹೋಗಿ ಬರೀ ನಡೆಯುದಾ!" ಹಸೀಬಾ ಹಣೆಗೆ ಕೈಯಿಟ್ಟಳು. "ಅದನ್ನು ಯಾರೂ ಬುಕ್ ಮಾಡುದಿಲ್ಲ ಅಕ್ಕಾ."

"ಆಲ್‌ಸ್ಟನಿಗೆ ಓಡಿ ಬಂದು ಮುಟ್ಟಲಿಕ್ಕೆ ಆಗುವಂಥದ್ದು ಅದೊಂದೇ" ಎಂದಳು ಇನೆಜ್.

ಆಮೇಲೆ ಯಾರೂ ಚರ್ಚೆ ಮಾಡಲಿಲ್ಲ. ಲವಿಟಾ ಮುಖ ಊದಿಸಿಕೊಂಡು ರೂಮಿಗೆ ಹೋದಳು, ಅಷ್ಟೆ.

ಆಲ್‌ಸ್ಟನ್ ಹಿರಿಯ ಮಗ. ಹುಟ್ಟಿದ್ದು, ಓದಿದ್ದು, ಫುಟ್‌ಬಾಲ್ ಆಡಿ ಮೊಣಕಾಲು ಒಡೆದುಕೊಂಡದ್ದು ಎಲ್ಲ ಕುವೈತಿನಲ್ಲೇ. ಆದರೆ ಇಪ್ಪತ್ತೊಂದು ದಾಟಿದ ಮಗನಿಗೆ ಅಪ್ಪನ ಇಕಾಮಾ, ಅಂದರೆ ವಾಸದ ಪರವಾನಗಿ, ನಡೆಯುವುದಿಲ್ಲ. ಹುಟ್ಟಿದ ಊರಿನಿಂದಲೇ ಪೆಟ್ಟಿಗೆ ಕಟ್ಟಿಕೊಂಡು ಹೊರಟ ಹುಡುಗ ಹಡಗಿನ ಊಟದ ಹಾಲಿನಲ್ಲಿ ಕೆಲಸ ಹಿಡಿದ. ರಜೆ ಸಿಕ್ಕರೆ ಚಳಿಗಾಲದಲ್ಲಿ. ಸೆಪ್ಟೆಂಬರ್ ಎಂಟರ ಮೊಂತಿ ಫೆಸ್ತಿಗೆ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಹೊಸ ಅಕ್ಕಿ ಹಾಲಲ್ಲಿ ಕಲಸಿ ತಿನ್ನುವ ಆ ಹಬ್ಬಕ್ಕೆ, ಆರು ವರ್ಷದಿಂದ ಅವನಿಲ್ಲ. ಪ್ರತಿ ವರ್ಷವೂ ಇನೆಜ್ ಅವನ ಚಿಕ್ಕಂದಿನ ಮೆಲಮೈನ್ ಬಟ್ಟಲಿನಲ್ಲಿ ಅವನ ಪಾಲು ತೆಗೆದಿಡುತ್ತಿದ್ದಳು. ಮರುದಿನ ಬೆಳಿಗ್ಗೆ ಅದನ್ನು ತಾನೇ ತಿನ್ನುತ್ತಿದ್ದಳು.

ಈ ಸಲ ಅದೇ ಅಲಾಸ್ಕಾ ಹಡಗಿನಿಂದ ಅವನೇ ಫೋನು ಮಾಡಿದ್ದ. "ಎಂಟನೇ ತಾರೀಕು ಮೂರನೇ ಬಂದರಲ್ಲಿ ಮಧ್ಯಾಹ್ನ ಸ್ವಲ್ಪ ಹೊತ್ತು ಬಿಡ್ತಾರೆ ಮಮ್ಮಾ. ಹಡಗಿನ ಒಳಗೆ ನಾನು ನಿಮ್ಮೊಟ್ಟಿಗೆ ಕೂರುವ ಹಾಗಿಲ್ಲ. ಹೊರಗೆ ಸಿಕ್ಕಿದರೆ ಮಾತ್ರ."

ಅವರು ಹೊರಡುವ ಮುಂಚಿನ ದಿನ ಹಸೀಬಾ ಇನ್ನೊಂದು ಉಪಕಾರ ಮಾಡಿದಳು. ಊರಿನಿಂದ ಬಂದ ನೆಂಟರ ಕೈಯಲ್ಲಿ ಒಂದು ಹೊಸ ಭತ್ತದ ತೆನೆ ತರಿಸಿ ಕೊಟ್ಟಳು. ಇನೆಜ್ ಅದನ್ನು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡು ವಿಮಾನ ಹತ್ತಿದಳು. ಅಮೆರಿಕದ ವಿಮಾನ ನಿಲ್ದಾಣದಲ್ಲಿ 'ಧಾನ್ಯ ಬೀಜ ಏನಾದರೂ ಉಂಟಾ' ಎಂದು ಕೇಳಿದಾಗ, ದೇವರ ಪುಸ್ತಕ ಕೈಯಲ್ಲಿಟ್ಟುಕೊಂಡು ಸುಳ್ಳು ಹೇಳುವುದು ಹೇಗೆ? ಉಂಟು ಎಂದಳು. ಅಧಿಕಾರಿ ಕೈಗವಸು ಹಾಕಿಕೊಂಡು, ತೆನೆಯನ್ನು ಎತ್ತಿ ಕಸದ ಡಬ್ಬಿಗೆ ಹಾಕಿದ. ಇನೆಜ್ ಅಲ್ಲೇ ಅತ್ತುಬಿಟ್ಟಳು. ಬೇರೆ ಅಕ್ಕಿ ಹಡಗಿನಲ್ಲಿ ಬೇಕಾದಷ್ಟಿತ್ತು, ಹೊಸತು ಮಾತ್ರ ಇರಲಿಲ್ಲ.

ಹಡಗಿನಲ್ಲಿ ಮೊದಲ ರಾತ್ರಿ ಊಟಕ್ಕೆ ಹೋದಾಗ ಆಲ್‌ಸ್ಟನ್ ಬಾಗಿಲಲ್ಲೇ ನಿಂತಿದ್ದ. ಕಪ್ಪು ಕೋಟು, ಎದೆಯಲ್ಲಿ ಹೆಸರಿನ ಪಟ್ಟಿ. ಪಕ್ಕದಲ್ಲಿ ಅವನ ಸೂಪರ್‌ವೈಸರ್. "ಗುಡ್ ಈವ್ನಿಂಗ್ ಮ್ಯಾಡಂ" ಎಂದ, ಹೆತ್ತ ತಾಯಿಗೆ! ನ್ಯಾಪ್‌ಕಿನ್ ಕೊಡುವ ನೆವದಲ್ಲಿ ಅವಳ ಬೆರಳು ಒತ್ತಿ ಮುಂದೆ ಹೋದ. ಇನೆಜ್ ಆ ರಾತ್ರಿ ಏನು ತಿಂದಳೋ ಅವಳಿಗೇ ನೆನಪಿಲ್ಲ.

ಎಂಟನೇ ತಾರೀಕು. ಮೂರನೇ ಬಂದರು.

ಜಿಟಿಜಿಟಿ ಮಳೆ. ಕಟ್ಟೆಯ ಹಿಂದೆಯೇ ಕಾಡು ಎದ್ದು ನಿಂತಿತ್ತು. ಮರಗಳೋ, ತುದಿ ನೋಡಲು ಹೋದರೆ ಟೋಪಿ ಹಿಂದಕ್ಕೆ ಬೀಳುವಷ್ಟು ಎತ್ತರ. ಕೊಂಬೆಗಳಿಂದ ಹಸಿರು ಪಾಚಿ ಗಡ್ಡದಂತೆ ಜೋತಾಡುತ್ತಿತ್ತು. ನೆಲ, ಕಲ್ಲು, ಬಿದ್ದ ಮರ ಎಲ್ಲದರ ಮೇಲೂ ಹಸಿರು ಹತ್ತಿಕೊಂಡಿತ್ತು. ವರ್ಷವಿಡೀ ಮರಳು ನೋಡಿದ ಕಣ್ಣಿಗೆ ಇದು ತಡೆಯಲಾರದಷ್ಟು ತಂಪು. ಬೇರೆ ದಿನವಾಗಿದ್ದರೆ ಇನೆಜ್ ಅಲ್ಲೇ ಕೂತುಬಿಡುತ್ತಿದ್ದಳು.

ಗೈಡ್ ಕಾರ್ಮೆಲ್ ಅಗಲ ಭುಜದ ಗಟ್ಟಿಗಿತ್ತಿ. ಸೊಂಟದಲ್ಲಿ ಕರಡಿಗೆ ಹೊಡೆಯುವ ಖಾರದ ಸ್ಪ್ರೇ. ಅವಳು ಬರ್ನಾರ್ಡರ ಬೆನ್ನಿನ ಚೀಲ ನೋಡಿ ದಂಗಾದಳು. ಅದರಲ್ಲಿ ಐದು ಲೀಟರಿನ ನೀರಿನ ಕ್ಯಾನು!

"ಇದು ಮಳೆಕಾಡು ಸರ್. ನೀರು ಮೇಲಿಂದಲೇ ಬೀಳ್ತಾ ಇದೆ."

"ನೀರಿಲ್ಲದೆ ನಾವು ಹೊರಗೆ ಕಾಲಿಡುದಿಲ್ಲ" ಎಂದರು ಬರ್ನಾರ್ಡ್. ಕುವೈತಿನ ಬಿಸಿಲು ಕಲಿಸಿದ ಪಾಠ ಮಳೆಯಲ್ಲೂ ಬಿಡಬೇಕಲ್ಲ! ಆಮೇಲೆ ರಿಫೈನರಿಯ ಗತ್ತಿನಲ್ಲಿ ಹಾಜರಿ ಕೂಗಿದರು. "ಇನೆಜ್? ಲವಿಟಾ?" ಮೂರನೆಯ ಹೆಸರು ಬಾಯಿಗೆ ಬಂದು ಅಲ್ಲೇ ನಿಂತಿತು.

ಆಲ್‌ಸ್ಟನ್ ಬಂದಿರಲಿಲ್ಲ.

ಕಾರ್ಮೆಲ್ ಸ್ವಲ್ಪ ಹೊತ್ತು ಕಾದಳು. ಮತ್ತೆ ಕಾಯಲು ಆಗುವುದಿಲ್ಲ ಎಂದು ಹೊರಟಳು. ಬೇರುಗಳ ಮೇಲೆ, ಮರದ ಮೆಟ್ಟಿಲುಗಳ ಮೇಲೆ ದಾರಿ ಏರುತ್ತ ಹೋಯಿತು. ಇನೆಜ್ ಮುಂದೆ ನೋಡಿದ್ದಕ್ಕಿಂತ ಹಿಂದೆ ನೋಡಿದ್ದೇ ಹೆಚ್ಚು. ಎರಡು ಸಲ ಎಡವಿದಳು. ಒಂದು ಹಳ್ಳದ ಮೇಲಿನ ಮರದ ಸೇತುವೆ ದಾಟಿದರು. ಕೆಳಗೆ ಸಾಲ್ಮನ್ ಮೀನುಗಳು ಪ್ರವಾಹಕ್ಕೆ ಎದುರಾಗಿ ತುಂಬಿಕೊಂಡಿದ್ದವು. ಲವಿಟಾ ಕೂಡ ಮುನಿಸು ಮರೆತು ಕಂಬಿಗೆ ಬಾಗಿ ನೋಡಿದಳು.

ಕೆರೆ ಬಂತು. ಬೂದು ನೀರು, ಆಚೆ ದಡದಲ್ಲಿ ಮಂಜಿನೊಳಗೆ ಮುಳುಗಿದ ಬೆಟ್ಟ. ಇನೆಜ್ ಬಂಡೆಯ ಮೇಲೆ ಕೂತು ಬಟ್ಟಲು ಹೊರತೆಗೆದಳು. ಮೊಲದ ಚಿತ್ರ ಅರ್ಧ ಮಾಸಿದ ಬಟ್ಟಲು. ಪಕ್ಕದಲ್ಲಿ ಹಾಲಿನ ಪುಡಿ ಕದಡಿ ತಂದಿದ್ದ ಫ್ಲಾಸ್ಕು. ಅಕ್ಕಿ ಇಲ್ಲ, ಮಗನೂ ಇಲ್ಲ. ಇಷ್ಟು ದೂರ ಬಂದು ಮತ್ತೆ ಖಾಲಿ ಬಟ್ಟಲ ಮುಂದೆ ಕೂರುವುದೇ ತನ್ನ ಹಣೆಬರಹವೋ ಎಂದುಕೊಂಡು ಬಟ್ಟಲನ್ನು ಮತ್ತೆ ಚೀಲಕ್ಕೆ ಹಾಕಹೊರಟಳು.

"ಮಮ್ಮಾ" ಎಂದಳು ಲವಿಟಾ. ಅವಳ ಅಂಗೈ ತುಂಬ ನೀಲಿ ಹಣ್ಣು. "ಪೊದೆ ತುಂಬಾ ಇದೆ. ಬ್ಲೂಬೆರಿ. ತಿನ್ಬಹುದಂತೆ, ಕಾರ್ಮೆಲ್ ಹೇಳಿದ್ಳು. ದಿಸ್ ಇಯರ್ಸ್. ಇದೂ ಹೊಸ ಬೆಳೆಯೇ ಅಲ್ವಾ?"

ಇನೆಜ್ ಮಗಳ ಮುಖವನ್ನೇ ನೋಡಿದಳು. ನಾಯಿಗಾಡಿ ಬಿಟ್ಟುಕೊಟ್ಟ ಹುಡುಗಿ! ಅವಳ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡಳು. ಬರ್ನಾರ್ಡರ ಐದು ಲೀಟರ್ ನೀರು ಕೊನೆಗೂ ಹಣ್ಣು ತೊಳೆಯಲು ಉಪಯೋಗಕ್ಕೆ ಬಂತು.

ಆಗ ಕಾಡಿನೊಳಗಿಂದ ಒಂದು ಶಿಳ್ಳೆ ಕೇಳಿಸಿತು. ಎರಡು ಬೆರಳು ಬಾಯಿಗಿಟ್ಟು ಊದುವ ಉದ್ದ ಶಿಳ್ಳೆ. ಕುವೈತಿನ ಬಿಲ್ಡಿಂಗಿನ ಕೆಳಗೆ ನಿಂತು, ಮೇಲಿಂದ ಕೀಲಿ ಎಸೆಯಿರಿ ಎಂದು ಆಲ್‌ಸ್ಟನ್ ಊದುತ್ತಿದ್ದ ಶಿಳ್ಳೆ!

ಇನೆಜ್ ಓಡಿದಳು.

"ನಿಲ್ಲು ಇನಾ! ಒಬ್ಬಳೇ ಹೋಗ್ಬೇಡ!" ಬರ್ನಾರ್ಡ್ ಕೂಗಿದರು. ಯಾರು ಕೇಳುತ್ತಾರೆ?

ಸೇತುವೆಯ ಹತ್ತಿರ ಅವಳ ಕಾಲು ತಾನಾಗಿ ನಿಂತಿತು.

ಆಚೆ ದಡದಲ್ಲಿ ಆಲ್‌ಸ್ಟನ್. ಕಪ್ಪು ಪ್ಯಾಂಟು, ಮೇಲೊಂದು ರೈನ್‌ಕೋಟು, ಕಾಲಲ್ಲಿ ಊಟದ ಹಾಲಿನ ಬೂಟು. ಈಚೆ ದಡದಲ್ಲಿ ಅವಳು.

ನಡುವೆ, ಸೇತುವೆಯ ಬುಡದಲ್ಲೇ, ಕರಡಿ.

ಕಪ್ಪಗೆ, ಒದ್ದೆಯಾಗಿ, ಬಾಯಲ್ಲಿ ಒದ್ದಾಡುವ ಮೀನು ಹಿಡಿದು ನಿಂತಿತ್ತು. ಅದು ತಲೆ ತಿರುಗಿಸಿ ಇನೆಜ್‌ಳನ್ನು ನೋಡಿತು.

ಹಿಂದಿನಿಂದ ಒಂದು ಕೈ ಅವಳ ಭುಜ ಹಿಡಿಯಿತು. ಕಾರ್ಮೆಲ್. ಇನ್ನೊಂದು ಕೈಯಲ್ಲಿ ಸ್ಪ್ರೇ. "ಓಡಬೇಡಿ. ಎಲ್ಲರೂ ಒತ್ತಾಗಿ ನಿಲ್ಲಿ. ನಾವು ಮನುಷ್ಯರು ಅಂತ ಅದಕ್ಕೆ ಗೊತ್ತಾಗಬೇಕು. ಮಾತಾಡಿ, ಜೋರಾಗಿ. ಅವನಿಗೂ ಹೇಳಿ, ಬೆನ್ನು ತೋರಿಸದೆ ಹಿಂದೆ ಸರಿಯಲಿ. ಕರಡಿಗೆ ಹೋಗಲು ಜಾಗ ಬಿಡಬೇಕು."

"ಪುತಾ, ಹಿಂದೆ ಹೋಗು! ಮೆಲ್ಲ! ಓಡ್ಬೇಡ!" ಇನೆಜ್ ಕೂಗಿದಳು. ಆರು ವರ್ಷದಿಂದ ಬಾ ಬಾ ಎಂದು ಹಂಬಲಿಸಿದ ಬಾಯಲ್ಲಿ ಹಿಂದೆ ಹೋಗು ಎಂಬ ಮಾತು!

"ಮಾತಾಡ್ತಾ ಇರಿ!" ಎಂದಳು ಕಾರ್ಮೆಲ್.

ಏನು ಮಾತಾಡುವುದು? ಕರಡಿಯ ಮುಂದೆ ಯಾರಿಗೆ ಮಾತು ಹೊಳೆಯುತ್ತದೆ? ಬರ್ನಾರ್ಡರ ಗಂಟಲಿನಿಂದ ತಾನಾಗಿ ಹೊರಟದ್ದು ಒಂದೇ. ಪ್ರತಿ ಸಂಜೆ ಮನೆಯ ದೇವರ ಅಲ್ತಾರಿನ ಮುಂದೆ ಹೇಳುವ ತೇರ್ಸ್, ಜಪಮಾಲೆಯ ಪ್ರಾರ್ಥನೆ. ಮೊದಲ ಅರ್ಧವನ್ನು ಅವರು ರಿಫೈನರಿಯ ಸೈರನ್ನಿನ ದನಿಯಲ್ಲಿ ಕೂಗಿದರು. ಉಳಿದರ್ಧವನ್ನು ಇನೆಜ್ ಹೇಳಿದಳು. ಪ್ರತಿದಿನ ತುಟಿ ಮಾತ್ರ ಅಲ್ಲಾಡಿಸುವ ಲವಿಟಾ ಈಗ ಕಾಡು ಬೆಚ್ಚುವಂತೆ ಅರಚಿದಳು.

ಹಳ್ಳದ ಆಚೆಯಿಂದ ನಾಲ್ಕನೆಯ ದನಿ ಸೇರಿತು.

ಕರಡಿ ಆ ಕಡೆ ನೋಡಿತು, ಈ ಕಡೆ ನೋಡಿತು. ಎರಡು ದಡದಿಂದ ಕೊಂಕಣಿ ಪ್ರಾರ್ಥನೆ ಅದು ಜನ್ಮದಲ್ಲಿ ಕೇಳಿರಲಿಕ್ಕಿಲ್ಲ. ಆಲ್‌ಸ್ಟನ್ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತಲೇ ಉತ್ತರ ಹೇಳುತ್ತಿದ್ದ. ಕರಡಿ ಒಮ್ಮೆ ಮೂಗಿನಲ್ಲಿ ಬುಸ್ಸೆಂದು, ಮೀನು ಕಚ್ಚಿಕೊಂಡೇ, ನೀರಿನೊಳಗೆ ದಡಬಡನೆ ನಡೆದು ಮೇಲಿನ ಪೊದೆಗಳಲ್ಲಿ ಮಾಯವಾಯಿತು.

ಕಾರ್ಮೆಲ್ ಉಸಿರು ಬಿಟ್ಟಳು. "ಅದು ಯಾವ ಹಾಡು?"

"ಹಾಡಲ್ಲ, ನಮ್ಮ ಈವ್ನಿಂಗ್ ಡ್ಯೂಟಿ" ಎಂದರು ಬರ್ನಾರ್ಡ್.

ಕಾರ್ಮೆಲ್ ಕೈ ಬೀಸಿದ ಮೇಲೆ ಆಲ್‌ಸ್ಟನ್ ಸೇತುವೆ ದಾಟಿ ಬಂದ. ಇನೆಜ್ ಅವನ ಕೆನ್ನೆ, ಕಿವಿ, ಭುಜ ಎಲ್ಲ ಮುಟ್ಟಿ ನೋಡಿದಳು. "ಎಷ್ಟು ಸಣ್ಣ ಆಗಿದ್ದಿ! ದಿನಾ ಊಟ ಬಡಿಸ್ತಿ, ನೀನು ತಿನ್ನುದಿಲ್ವಾ?"

"ಬದಲಿ ಹುಡುಗ ತಡ ಮಾಡಿದ ಮಮ್ಮಾ. ಕಟ್ಟೆಯಿಂದ ಓಡಿಕೊಂಡೇ ಬಂದೆ. ಈಗಲೇ ತಿರುಗಿ ಹೋಗ್ಬೇಕು."

"ಕೂತುಕೋ. ಒಂದು ಗಳಿಗೆ."

ದಾರಿ ಪಕ್ಕದ ಬಿದ್ದ ಮರದ ಮೇಲೆ ನಾಲ್ವರೂ ಕೂತರು. ಲವಿಟಾ ಹಣ್ಣು ಕಿವುಚಿದಳು, ಇನೆಜ್ ಹಾಲು ಹಾಕಿದಳು. ಹುಳಿಗೆ ಹಾಲು ಒಡೆದುಹೋಯಿತು. ಪರವಾಗಿಲ್ಲ. ಬರ್ನಾರ್ಡ್ ಟೋಪಿ ತೆಗೆದು ಎರಡು ಮಾತಿನ ಪ್ರಾರ್ಥನೆ ಹೇಳಿ, ಹಿರಿಯರಿಂದ ಕಿರಿಯರಿಗೆ ಒಂದೊಂದು ಚಮಚ ಕೊಟ್ಟರು. ಉಳಿದದ್ದನ್ನು ಇನೆಜ್ ಬಟ್ಟಲು ಸಮೇತ ಆಲ್‌ಸ್ಟನನ ಕೈಗಿಟ್ಟಳು. ಅವನು ಬಟ್ಟಲನ್ನು ತಿರುಗಿಸಿ ಮೊಲದ ಚಿತ್ರ ನೋಡಿದ.

"ಇದನ್ನು ಇನ್ನೂ ಇಟ್ಟಿದ್ದೀರಾ?" ಎಂದ. ಆಮೇಲೆ ಬೆರಳು ಹಾಕಿ ತಳದವರೆಗೂ ಬಳಿದು ತಿಂದ. ಅವನ ತುಟಿ, ನಾಲಗೆ ಎಲ್ಲ ನೇರಳೆಯಾಯಿತು.

ಇಳಿಯುವಾಗ ಮಳೆ ಜೋರಾಯಿತು. ಬೇರುಗಳು ಎಣ್ಣೆ ಸವರಿದಂತೆ ಜಾರುತ್ತಿದ್ದವು. ಆಲ್‌ಸ್ಟನ್ ತಾಯಿಯ ಕೈ ಹಿಡಿದೇ ನಡೆದ. ಅರ್ಧ ದಾರಿಯಲ್ಲಿ ಇನೆಜ್ ಜಾರಿದಳು. ಪಾದ ಉಳುಕಿತು.

"ಬೆನ್ನ ಮೇಲೆ ಹತ್ತು ಮಮ್ಮಾ" ಎಂದು ಅವನು ಬಾಗಿದ.

ಅಷ್ಟರಲ್ಲಿ ಕೆಳಗಿನಿಂದ ಹಡಗಿನ ಕೊಂಬು ಕೇಳಿಸಿತು. ಇನೆಜ್ ಕಾರ್ಮೆಲ್ ಕಡೆ ನೋಡಿದಳು. "ನಮಗೋಸ್ಕರ ಹಡಗು ಕಾಯ್ತದಾ?"

"ನೀವು ಅವರ ಮೂಲಕವೇ ಬುಕ್ ಮಾಡಿದವರು. ಪ್ರಯಾಣಿಕರನ್ನು ಬಿಟ್ಟು ಹೋಗಲ್ಲ."

"ಇವನಿಗೆ?"

ಕಾರ್ಮೆಲ್ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಆಲ್‌ಸ್ಟನ್ ನೆಲ ನೋಡಿದ. ತಡವಾದ ನೌಕರನಿಗೆ ಖಲಾಸ್, ಕೆಲಸವೂ ಇಲ್ಲ, ಹಡಗೂ ಇಲ್ಲ.

ಇನೆಜ್‌ಗೆ ಆ ಕೈ ಬಿಡಲು ಮನಸ್ಸಿರಲಿಲ್ಲ. ಎಷ್ಟು ವರ್ಷದ ಮೇಲೆ ಹಬ್ಬದ ದಿನ ಸಿಕ್ಕ ಕೈ! ಒಂದು ಸಲ ಗಟ್ಟಿಯಾಗಿ ಹಿಡಿದು, ಆಮೇಲೆ ಅವನ ಎದೆಗೆ ಕೈಯಿಟ್ಟು ದೂಡಿದಳು. "ಓಡು ಪುತಾ. ನನಗೆ ನಿನ್ನ ಪಪ್ಪ ಇದ್ದಾರೆ. ನೀನು ಓಡು!"

ಅವನು ಒಮ್ಮೆ ತಿರುಗಿ ನೋಡಿ ಓಡಿದ. ಮರಗಳ ನಡುವೆ ಅವನ ರೈನ್‌ಕೋಟು ಕಾಣುವಷ್ಟು ಹೊತ್ತು ಇನೆಜ್ ಅಲ್ಲೇ ನಿಂತಿದ್ದಳು.

ಬರ್ನಾರ್ಡ್ ಒಂದು ಕಡೆ, ಲವಿಟಾ ಒಂದು ಕಡೆ ಹಿಡಿದು ಅವಳನ್ನು ಇಳಿಸಿದರು. ಕಟ್ಟೆ ಖಾಲಿಯಾಗಿತ್ತು. ಅವರು ಹತ್ತಿದ ಮೇಲೆ ಏಣಿ ಎತ್ತಿದರು. ಆಲ್‌ಸ್ಟನ್ ಮುಟ್ಟಿದನೋ ಇಲ್ಲವೋ ಯಾರನ್ನು ಕೇಳುವುದು? ಕೇಳಿದರೆ ಅವನಿಗೇ ತೊಂದರೆ.

ರಾತ್ರಿ ಊಟಕ್ಕೆ ಇನೆಜ್ ಕುಂಟಿಕೊಂಡೇ ಹೋದಳು. ಬಾಗಿಲಲ್ಲಿ ಬೇರೆ ಯಾರೋ ಇದ್ದ. ಚಮಚ ಕೈಯಲ್ಲಿ ಹಿಡಿದಂತೆಯೇ ಕೂತಿದ್ದಳು.

"ಸೂಪ್, ಮ್ಯಾಡಂ?"

ಕಪ್ಪು ಕೋಟು, ಹೆಸರಿನ ಪಟ್ಟಿ, ಬಾಚಿದ ಕೂದಲು, ಎಲ್ಲ ನೀಟು. ತುಟಿ ಮಾತ್ರ ನೇರಳೆ ಬಣ್ಣ.

"ಹಾಕಪ್ಪಾ" ಎಂದಳು ಇನೆಜ್. ನಗುವೂ ಅಳುವೂ ಒಟ್ಟಿಗೇ ಬಂತು. ಆ ಸೂಪು ಅವಳು ಪೂರ್ತಿ ಕುಡಿದಳು.

ಕುವೈತಿಗೆ ಮರಳಿದ ಸಂಜೆ ಬಿಸಿಗಾಳಿ ಇನ್ನೂ ಬೀಸುತ್ತಲೇ ಇತ್ತು. ಹಸೀಬಾ ಬಿರಿಯಾನಿ ಹಿಡಿದುಕೊಂಡು ಬಂದವಳು, ಇನೆಜಳ ಕಟ್ಟಿದ ಪಾದ ನೋಡಿ ಪಾತ್ರೆ ತೊಳೆಯಲು ತಾನೇ ನಿಂತಳು.

"ನೀವು ಕೂತ್ಕೊಳ್ಳಿ ಅಕ್ಕಾ. ತಿಮಿಂಗಿಲ ನೋಡಿದಿರಾ?"

"ಬರ್ನಾರ್ಡ್ ನೋಡಿದರು. ನಾನು ಆ ದಿನ ಮಲಗಿದ್ದೆ, ಕಾಲು ನೋವು."

"ಛೆ! ಅಷ್ಟು ದೂರ ಹೋಗಿ!" ಹಸೀಬಾ ಚೀಲದಿಂದ ಬಟ್ಟಲು ತೆಗೆದು ದೀಪಕ್ಕೆ ಹಿಡಿದಳು. ಮೊಲದ ಚಿತ್ರದ ಸುತ್ತ, ತಳದಲ್ಲೆಲ್ಲ ನೇರಳೆ ಕಲೆ. "ಇದೆಂತ, ಹೀಗೆ ಹಿಡಿದಿದೆ? ಸ್ವಲ್ಪ ಸೋಡಾಪುಡಿ ಹಾಕಿ ತಿಕ್ಕಿದರೆ ಹೋಗ್ತದೆ."

ಇನೆಜ್ ಕುಂಟುತ್ತ ಎದ್ದು ಬಂದು ಅವಳ ಕೈಯಿಂದ ಬಟ್ಟಲು ತೆಗೆದುಕೊಂಡಳು.

"ತಿಕ್ಕಬೇಡ ಮಾರಾಯ್ತಿ" ಎಂದಳು. "ಅದು ಅವನು ತಿಂದದ್ದು."