ಅಜ್ಜನ ಹಾಡಿನ ಎರಡು ಖಾಲಿ ಚೌಕ

“ಹಾಗಾದ್ರೆ ಹೆಸರೆಲ್ಲಿದೆ? ತೋರ್ಸು!”

ಕನ್ನಡಕ ಹಾಡಿನ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕನ್ನಡಕ ಅಂದರೆ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುವ, ಕನ್ನಡಕ ಹಾಕುವ ಗೆಳತಿ. ಹಾಳೆ ತಂದ ಹುಡುಗಿಗೆ ತನ್ನ ಕೀರಲು ದನಿಯಿಂದಾಗಿ ಪಿಟೀಲು ಅಂತ ಹೆಸರು ಬಿದ್ದಿತ್ತು.

“ಹೆಸರಿಲ್ಲದಿದ್ರೇನು? ನಮ್ಮಜ್ಜಾನೇ ಬರೆದಿದ್ದು. ಮೂವತ್ತೊಂದು ವರ್ಷದಿಂದ ಚರ್ಚಿನ ಕ್ವಾಯರ್‌ಗೆ ಹಾಡು ಬರೀತಿದ್ದಾರೆ, ಗೊತ್ತಾ?”

“ನಿಮ್ಮಜ್ಜ ಟೈಲರ್ ಅಲ್ವೇನೇ? ನನ್ನ ಯೂನಿಫಾರ್ಮ್ ಹೊಲಿದೋರು! ಸುಮ್ನೆ ಬುರುಡೆ ಬಿಡ್ಬೇಡ.”

ಪಿಟೀಲಿಗೆ ಮೈಯೆಲ್ಲ ಉರಿಯಿತು. “ಭಾನುವಾರ ಬಾ. ಹೊಸ ಹಾಡಿದೆ. ಅದ್ರಲ್ಲಿ ಹೆಸರಿರುತ್ತೆ, ನೋಡ್ತಿರು!”

ಸಂಜೆ ಅವಳು ಸೀದಾ ಅಂಗಡಿಗೆ ಓಡಿದಳು. ಅಜ್ಜ ಕತ್ತರಿ ಪಕ್ಕಕ್ಕಿಟ್ಟು, ಬಟ್ಟೆಯ ನಮೂನೆ ಕತ್ತರಿಸುವ ಕಂದು ಕಾಗದದ ಮೇಲೆ ಹಾಡು ಬರೆಯುತ್ತಿದ್ದರು. ಮೊದಲು ಸ್ಕೇಲಿಟ್ಟು ಚೌಕಗಳನ್ನು ಎಳೆಯುವುದು. ತಾಳದ ಒಂದೊಂದು ಎಣಿಕೆಗೆ ಒಂದೊಂದು ಚೌಕ. ಆಮೇಲೆ ಮಾತುಗಳನ್ನು ಅದರೊಳಗೆ ಕೂರಿಸುವುದು. ಅದು ಅಜ್ಜನ ಪದ್ಧತಿ. ಅದನ್ನು ನೋಡಿ ನಕಲು ಮಾಡುವ ಕೆಲಸ ಪಿಟೀಲಿನದು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು.

“ಅಜ್ಜ, ಈ ಸಲ ಕೆಳಗೆ ನಿಮ್ಮ ಹೆಸರು ಬರೀಲಾ?”

“ಬೇಡ.”

“ಯಾಕೆ?”

“ಟೈಲರ್ ಹೆಸರನ್ನ ಎದೆ ಮೇಲೆ ಹಾಕ್ಕೊಂಡು ಯಾರಾದ್ರೂ ತಿರುಗ್ತಾರಾ?”

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಜ್ಜಿ ಬಿಡಲಿಲ್ಲ. “ಪ್ರತಿ ಕಾಲರ್‌ಗೂ ಹೆಸರಿನ ಪಟ್ಟಿ ಹೊಲೀತೀರಲ್ಲ, ಅದೇನು ಮತ್ತೆ?”

“ಅದು ಒಳಗಡೆ ಕಣೇ,” ಅಂದರು ಅಜ್ಜ. “ಹಾಕ್ಕೊಂಡೋರಿಗೆ ಮಾತ್ರ ಗೊತ್ತಾಗುತ್ತೆ.”

ಅಷ್ಟರಲ್ಲಿ ಯಾರೋ ಕೋಟಿನ ಅಳತೆ ಕೊಡಲು ಬಂದರು. ಅಜ್ಜ ಟೇಪು ಹಿಡಿದು ಎದ್ದರು.

ಪಿಟೀಲು ಮುಖ ಊದಿಸಿಕೊಂಡೇ ಬರೆಯತೊಡಗಿದಳು. ಮೂರನೇ ಸಾಲಿಗೆ ಬಂದಾಗ ಪೆನ್ನು ನಿಂತಿತು. ‘ಬೆಳಗಾಯಿತು, ಬಾಗಿಲು ತೆರೆದಿದೆ’ ಎಂದಾದ ಮೇಲೆ ಎರಡು ಚೌಕ ಖಾಲಿ. ಆಮೇಲೆ ‘ಒಳಗೆ ಬಾ ಬೆಳಕೇ’.

ಅಯ್ಯೋ, ಅಜ್ಜ ಮರೆತಿದ್ದಾರೆ! ಕನ್ನಡಕ ನೋಡಿದರೆ ಆಡಿಕೊಳ್ಳದೆ ಬಿಡುತ್ತಾಳೆಯೇ?

ಪಿಟೀಲು ತಾಳ ಹಾಕಿ ನೋಡಿದಳು. ‘ಬೇಗ ಬೇಗ’ ಸರಿಯಾಗಿ ಕೂತಿತು. ‘ಬೇಗ ಬೇಗ ಒಳಗೆ ಬಾ ಬೆಳಕೇ.’ ಎಷ್ಟು ಚೆನ್ನಾಗಿದೆ! ಅವಳಿಗೇ ಹೆಮ್ಮೆಯಾಯಿತು. ಆ ಹಾಳೆಯದೇ ಇಪ್ಪತ್ತೆರಡು ಜೆರಾಕ್ಸ್ ಆದವು.

ಶುಕ್ರವಾರ ಚರ್ಚಿನ ಹಿಂದಿನ ಹಾಲ್‌ನಲ್ಲಿ ಪ್ರಾಕ್ಟೀಸ್. ಅಜ್ಜ ಹಾರ್ಮೋನಿಯಂ ಮುಂದೆ ಕೂತರು. ಮೂರನೇ ಸಾಲನ್ನು ಊರಿಗೆ ಕಾಗದ ಹಂಚುವ ಪೋಸ್ಟ್ ಮಾಮ ಒಬ್ಬರೇ ಹಾಡಬೇಕಿತ್ತು. ಮೊದಲು ಅವರ ದನಿ ಖಾಲಿ ಡ್ರಮ್ಮು ಉರುಳಿಸಿದ ಹಾಗೆ ಹಾಲ್ ತುಂಬುತ್ತಿತ್ತು. ಹೋದ ವರ್ಷ ಎದೆಯ ಕಾಯಿಲೆಯಾಗಿ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ಮತ್ತೆ ಹಾಡಲು ಬಂದದ್ದು ಇದೇ ಮೊದಲು.

“ಬೆಳಗಾಯಿತು, ಬಾಗಿಲು ತೆರೆದಿದೆ, ಬೇಗ ಬೇ…”

ಉಸಿರು ಸಿಕ್ಕಿಕೊಂಡಿತು. ಕೆಮ್ಮು. ಪಕ್ಕದಲ್ಲಿ ಹಾಡುತ್ತಿದ್ದ ಬೇಕರಿ ಆಂಟಿ ಬೆನ್ನು ಸವರಿದರು. ಇನ್ನೊಮ್ಮೆ ಹಾಡಿದರು. ಮತ್ತೆ ಅಲ್ಲೇ ಕಡಿಯಿತು.

ಪೋಸ್ಟ್ ಮಾಮ ಹಾಳೆಯನ್ನು ಮೆಲ್ಲಗೆ ಮಡಚಿದರು. “ಬೇರೆ ಯಾರಿಗಾದ್ರೂ ಕೊಡಿ ಮಾಸ್ಟ್ರೇ. ನನ್ನದು ಮುಗೀತು ಅನ್ಸುತ್ತೆ.”

ಅಜ್ಜ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಪಿಟೀಲನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಪೋಸ್ಟ್ ಮಾಮ ಬಾಗಿಲ ಕಡೆ ಹೊರಟೇಬಿಟ್ಟರು.

“ಮಾಮ, ನಿಲ್ಲಿ! ‘ಬೇಗ ಬೇಗ’ ಅಂತ ಅಜ್ಜ ಬರೆದಿಲ್ಲ. ನಾನು ಸೇರ್ಸಿದ್ದು. ಅಲ್ಲಿ ಖಾಲಿ ಇತ್ತು. ಮರೆತಿದ್ದಾರೆ ಅಂದ್ಕೊಂಡೆ.”

“ಮರೆಯೋದಾ?” ಅಂದರು ಅಜ್ಜ. “ಪೋಸ್ಟು, ಬಾರಯ್ಯ ಇಲ್ಲಿ. ಆ ಎರಡು ಚೌಕ ನಿನ್ನ ಉಸಿರಿಗೆ ಅಂತಾನೇ ಬಿಟ್ಟಿದ್ದೆ. ಅಳತೆ ಸರಿಯಾಗೇ ಇತ್ತು. ನಮ್ಮ ಮೊಮ್ಮಗಳು ಇಲ್ಲದ ಜೇಬು ಸೇರ್ಸಿಬಿಟ್ಟಿದ್ದಾಳೆ.”

ಎಲ್ಲರೂ ನಕ್ಕರು. ಬೇಕರಿ ಆಂಟಿ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತರು. “ಅಂದ್ರೆ, ನನ್ನ ಸಾಲುಗಳು ಯಾವತ್ತೂ ಮೇಲಿನ ಸ್ವರಕ್ಕೆ ಹೋಗದೇ ಇರೋದೂ ನನ್ನ ಗಂಟಲಿನ ಅಳತೆಗೆ…”

“ಇಪ್ಪತ್ತು ವರ್ಷ ಆದ್ಮೇಲೆ ಈಗ ಗೊತ್ತಾಯ್ತೇನಮ್ಮ?”

ಆಂಟಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ಪಿಟೀಲು ನೆಲದ ಮೇಲೆ ಕೂತು ಇಪ್ಪತ್ತೆರಡು ಹಾಳೆಗಳಲ್ಲೂ ತನ್ನ ‘ಬೇಗ ಬೇಗ’ವನ್ನು ಬಿಳಿ ಇಂಕಿನಿಂದ ಅಳಿಸಿದಳು. ಇಪ್ಪತ್ತೆರಡು ಸಲ ಎರಡೆರಡು ಖಾಲಿ ಚೌಕ. ಪ್ರತಿ ಸಲವೂ ಅವಳೇ ಒಮ್ಮೆ ಉಸಿರೆಳೆದುಕೊಂಡಳು.

ಭಾನುವಾರ ಕನ್ನಡಕ ಬಂದೇಬಿಟ್ಟಳು. ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತರು. ಕನ್ನಡಕ ಹಾಳೆಯ ಮೇಲೆ ಕೆಳಗೆ ಹುಡುಕಿದಳು.

“ಎಲ್ಲೇ ಹೆಸರು?” ಅಂತ ಪಿಸುಗುಟ್ಟಿದಳು.

“ಶ್… ಕೇಳು. ಈಗ ಬರುತ್ತೆ.”

ಪೋಸ್ಟ್ ಮಾಮ ಒಂದು ಹೆಜ್ಜೆ ಮುಂದೆ ಬಂದರು. ‘ಬೆಳಗಾಯಿತು, ಬಾಗಿಲು ತೆರೆದಿದೆ…’

ಪಿಟೀಲು ಗೆಳತಿಯ ಕೈ ಗಟ್ಟಿಯಾಗಿ ಹಿಡಿದಳು. ಒಂದು. ಎರಡು. ಅಷ್ಟು ದೊಡ್ಡ ಚರ್ಚು ಸುಮ್ಮನಿತ್ತು. ಆ ಮೌನದೊಳಗೆ ಒಬ್ಬರು ನಿಧಾನವಾಗಿ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಆ ಹಳೆಯ ದಪ್ಪ ದನಿ ಮೇಲೆದ್ದಿತು. ‘ಒಳಗೆ ಬಾ ಬೆಳಕೇ!’

“ಈಗ ಕೇಳಿಸ್ತಾ?”

“ಎಲ್ಲಿ? ಅಲ್ಲಿ ಅವ್ರು ಏನೂ ಹಾಡ್ಲೇ ಇಲ್ವಲ್ಲೇ!”

“ಹೂಂ, ಹೆಸರು ಒಳಗಡೆ ಇದೆ,” ಅಂದಳು ಪಿಟೀಲು. ಹೊಸ ಅಂಗಿ ತೊಟ್ಟವಳ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು, ಹಾರ್ಮೋನಿಯಂ ಮುಂದೆ ಕೂತ ಅಜ್ಜನ ಬೆನ್ನನ್ನೇ ನೋಡುತ್ತಾ ಕೂತಳು.